ತರೀಕೆರೆಗೆ 8 ಅಕ್ಷರ, ನಮ್ಮೂರಿಗೆ 13

ಡಾಸ್ ಕಾಲದಲ್ಲಿ ಊರುಗಳಿಗೂ ಪಂಕ್ತಿಭೇದವಿತ್ತು. ಊರಿಗೊಂದು ಫೈಲಿನಂತೆ ಕೊಬ್ಬರಿ ಲೆಕ್ಕ ಇಡುವ ಪುಟ್ಟ ಸಿ ಪ್ರೋಗ್ರಾಂ ನನ್ನದು. ಫೈಲಿನ ಹೆಸರಿಗೆ 8 ಅಕ್ಷರ, ಚುಕ್ಕಿಯ ಆಚೆಗೆ 3, ಅಷ್ಟೇ ಜಾಗ. ಇಂಗ್ಲಿಷಿನಲ್ಲಿ ಬರೆದರೆ ಕಡೂರು ಸಲೀಸು, ತರೀಕೆರೆ ಸರಿಯಾಗಿ 8, ಅಜ್ಜಂಪುರ ಒಂದು ಹೆಚ್ಚು. ನಮ್ಮೂರು ಚೌಳಹಿರಿಯೂರಿಗೆ 13. ಕತ್ತರಿಸಿದ ಮೇಲೆ ಉಳಿಯುತ್ತಿದ್ದದ್ದು ‘ಚೌಳಹಿ’.

ಕಾಲೇಜು ಲ್ಯಾಬಿನಲ್ಲಿ ಆಗ ಟರ್ಬೊ ಸಿಯದೇ ರಾಜ್ಯ. ಗ್ರಾಫಿಕ್ಸ್ ಬೇಕೆಂದರೆ ಸಿ ಡ್ರೈವ್, ಟಿಸಿ, ಬಿಜಿಐ ಎಂಬ ಪಾತ್‌ಅನ್ನು ಎರಡೆರಡು ಬ್ಯಾಕ್‌ಸ್ಲ್ಯಾಶ್ ಸಮೇತ ಬಾಯಿಪಾಠ ಮಾಡುತ್ತಿದ್ದೆವು. ಎರಡು ಯಾಕೆಂದು ಕೇಳಿದವರು ಕಡಿಮೆ. ಸಿಯಲ್ಲಿ ಬ್ಯಾಕ್‌ಸ್ಲ್ಯಾಶ್ ಒಂದೇ ಇದ್ದರೆ ಅದು ಮುಂದಿನ ಅಕ್ಷರದ ಅರ್ಥವನ್ನೇ ಬದಲಿಸುತ್ತದೆ: ಸಣ್ಣಕ್ಷರದ ‘ಟಿ’ ಟ್ಯಾಬ್ ಆಗುತ್ತದೆ, ‘ಬಿ’ ಬ್ಯಾಕ್‌ಸ್ಪೇಸ್.

ಈ ಉಪದ್ವ್ಯಾಪದ ಮೂಲ 1981ರಲ್ಲಿದೆ. ಮೊದಲ ಡಾಸ್‌ನಲ್ಲಿ ಡೈರೆಕ್ಟರಿಗಳೇ ಇರಲಿಲ್ಲ. / ಗುರುತನ್ನು ಕಮಾಂಡುಗಳ ಆಯ್ಕೆಗೆ ಕೊಟ್ಟಾಗಿತ್ತು. 1983ರ ಡಾಸ್ 2.0 ಡೈರೆಕ್ಟರಿ ತಂದಾಗ ಉಳಿದದ್ದು \. ಸಿ ಹುಟ್ಟಿದ ಯುನಿಕ್ಸ್ ಅದಕ್ಕೂ ಮುಂಚಿನಿಂದ / ಬಳಸುತ್ತಿತ್ತು. 1989ರ ಸಿ ಮಾನಕವಂತೂ ಡೈರೆಕ್ಟರಿಯ ಮಾತೇ ಎತ್ತುವುದಿಲ್ಲ: ಫೈಲ್ ತೆರೆಯುವ ಎಫ್‌ಓಪನ್‌ಗೆ ಹೆಸರಿನ ಒಂದು ಸಾಲು ಕೊಡಿ, ಮಿಕ್ಕಿದ್ದು ಆಪರೇಟಿಂಗ್ ಸಿಸ್ಟಮ್‌ನ ಪಾಡು. ತಮಾಷೆಯೆಂದರೆ ಎಫ್‌ಓಪನ್‌ಗೆ / ಕೊಟ್ಟರೆ ಡಾಸೂ ಒಪ್ಪುತ್ತಿತ್ತು, ವಿಂಡೋಸ್ ಈಗಲೂ ಒಪ್ಪುತ್ತದೆ.

ಈಗ ಫೈಲಿಗೆ ಕನ್ನಡದಲ್ಲೇ ಹೆಸರಿಡಬಹುದು. ಚೌಳಹಿರಿಯೂರು ಯುಟಿಎಫ್-8ರಲ್ಲಿ 33 ಬೈಟ್. ಲಿನಕ್ಸ್ ಒಂದು ಹೆಸರಿಗೆ 255 ಬೈಟ್ ಬಿಡುತ್ತದೆ. ದೊಡ್ಡಕ್ಷರ-ಸಣ್ಣಕ್ಷರದ ಜಗಳವೂ ನಮಗಿಲ್ಲ. ಆದರೆ ವಿಂಡೋಸಿನಲ್ಲಿ ಸುಮ್ಮನೆ ಎಫ್‌ಓಪನ್ ಕರೆದರೆ ಅದು ಹಳೆಯ ಕೋಡ್ ಪೇಜ್ ಹಿಡಿದು ಓದುತ್ತದೆ, ಅಲ್ಲಿ ಕನ್ನಡವಿಲ್ಲ. 2019ರಿಂದೀಚೆಗೆ ಪ್ರೋಗ್ರಾಮಿನ ಮ್ಯಾನಿಫೆಸ್ಟಿನಲ್ಲಿ ಯುಟಿಎಫ್-8 ಎಂದು ಘೋಷಿಸಿಕೊಳ್ಳಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಇನ್ನೊಂದು ಬಗೆ: ‘ರೀ’ಯ ದೀರ್ಘವನ್ನು ಗುಡಿಸು, ಉದ್ದಗೆರೆ ಎಂದು ಎರಡಾಗಿ ಒಡೆದು ಇಡುತ್ತದೆ. ಕಣ್ಣಿಗೆ ಅದೇ ತರೀಕೆರೆ, ಬೈಟುಗಳು ಬೇರೆ. ಸಿಯಲ್ಲಿ ಹೆಸರುಗಳನ್ನು ಹೋಲಿಸುವ ಎಸ್‌ಟಿಆರ್‌ಸಿಎಂಪಿ ಎರಡೂ ಒಂದಲ್ಲ ಎನ್ನುತ್ತದೆ. ಚೌಳಹಿರಿಯೂರಿನಲ್ಲಿ ಒಡೆಯುವ ಅಕ್ಷರವೇ ಇಲ್ಲ. ಆಗ 8ರಲ್ಲಿ ಹಿಡಿಸಿದ ಊರು ಈಗ ಸಿಕ್ಕಿಬೀಳುತ್ತದೆ, ಕತ್ತರಿ ಬಿದ್ದ ನಮ್ಮೂರು ಪಾರಾಗುತ್ತದೆ.

ಸಿ ಬರೆಯುವ ಹುಡುಗರು ಇಷ್ಟು ಮಾಡಲಿ: ಎಲ್ಲ ಕಡೆ / ಬಳಸಿ, ಡ್ರೈವಿನ ಹೆಸರನ್ನು ಕೋಡಿನೊಳಗೆ ಬರೆಯಬೇಡಿ, ಫೋಲ್ಡರನ್ನು ಆರ್ಗ್ಯುಮೆಂಟಾಗಿ ಹೊರಗಿನಿಂದ ಪಡೆಯಿರಿ. ಫೈಲಿಗೆ ಸಂಖ್ಯೆಯ ಹೆಸರಿಟ್ಟು, ಊರಿನ ಹೆಸರನ್ನು ಫೈಲಿನ ಒಳಗೆ ಬರೆಯಿರಿ.