ಮಿಂಚುವ ನೆಲವೋ, ಕಾಲು ನಿಲ್ಲುವ ನೆಲವೋ?

ಅಂಜನಾಪುರದ ನಮ್ಮ ಹಳೇ ಮನೆಗೆ ಹೊಸ ನೆಲ ಹಾಕಿಸುವ ಮಾತು ಬಂದಾಗ ಇವರು, "ಕನ್ನಡಿಯಂಥ ಟೈಲ್ಸೇ ಇರಲಿ ಕಣೇ" ಎಂದರು. ನನಗೂ ಆಸೆಯೇ! ಅತ್ತೆಯವರು ಮಾತ್ರ, "ಮಳೆಗಾಲ ನೆನಪಿರಲಿ" ಎಂದು ಸುಮ್ಮನಾದರು.

ಮರುವಾರವೇ ಶಿಕಾರಿಪುರದ ತಂಗಿಯ ಮನೆಗೆ ಹೋಗಿದ್ದೆವು. ಮಳೆಯಲ್ಲಿ ನೆನೆದ ನಾಯಿ ಒಳಗೆ ನುಗ್ಗಿತು. ಅದರ ಹಿಂದೆ ಓಡಿದ ನನ್ನ ಮಗ ಆ ಮಿಂಚುವ ನೆಲದ ಮೇಲೆ ಜಾರಿಬಿದ್ದ. ಗದ್ದಕ್ಕೆ ಮೂರು ಹೊಲಿಗೆ! ಇವರೂ ಮಾತಾಡಲಿಲ್ಲ.

ಅಂಗಡಿಯಲ್ಲಿ ಪ್ರತಿ ಮಾದರಿಯ ಮೇಲೂ ಲೋಟ ನೀರು ಚೆಲ್ಲಿ, ಬರಿಗಾಲಲ್ಲಿ ನಿಂತು ನೋಡಿದೆ. ಅಂಗಡಿಯವರು ನಕ್ಕರು, ನಗಲಿ ಬಿಡಿ. ನುಣುಪಾದ ರೆಡ್ ಆಕ್ಸೈಡ್ ನೆಲವೂ ಒದ್ದೆಯಾದರೆ ಜಾರುವುದೇ. ಕೊನೆಗೆ ಪಾಲಿಶ್ ಮಾಡದ ಶಹಾಬಾದ್ ಕಲ್ಲನ್ನು ಆರಿಸಿದೆವು. ಕಲಬುರಗಿ ಜಿಲ್ಲೆಯ ಈ ಕಲ್ಲು ಸುಣ್ಣಕಲ್ಲಿನ ಜಾತಿ. ಹುಣಸೆ, ನಿಂಬೆ ಹುಳಿ ಬಿದ್ದರೆ ಕಲೆ ನಿಲ್ಲುತ್ತದೆ, ತಕ್ಷಣ ಒರೆಸಬೇಕು. ಆಸಿಡ್ ಹಾಕಿ ತೊಳೆಯಲೇಬಾರದು, ಸೋಪಿನ ನೀರು ಸಾಕು.

ಈಗ ಮಕ್ಕಳೂ ನಾಯಿಯೂ ಒಟ್ಟಿಗೇ ಓಡುತ್ತಾರೆ. ಅತ್ತೆಯವರು ಗೋಡೆ ಹಿಡಿಯದೆ ದೇವರ ಮನೆಗೆ ಹೋಗುತ್ತಾರೆ. ನೆಲ ಹೊಳೆಯದಿದ್ದರೆ ಏನಂತೆ, ಅಲ್ಲವೇ?