ಎರಿ ಹೊಲದ ವಸ್ತಿ

ಕುಬಿಹಾಳದ ಎರಿ ಹೊಲ ವರ್ಷಕ್ಕೆ ಎರಡು ಸಲ ದ್ವೀಪವಾಗುತ್ತದೆ. ಮುಂಗಾರಿನಲ್ಲಿ ಕೆಸರಿನಿಂದ, ಹಿಂಗಾರಿನಲ್ಲಿ ಜೋಳದಿಂದ. ಸಮುದ್ರ ಇಲ್ಲಿಂದ ಘಟ್ಟದಾಚೆ. ಈ ಸೀಮೆಯ ದೊಡ್ಡ ನೀರೆಂದರೆ ಬೆಣ್ಣಿಹಳ್ಳ. ಬೇಸಗೆಯಲ್ಲಿ ಅದೂ ಹೆಸರಿಗಷ್ಟೇ, ಮಳೆಗಾಲದಲ್ಲಿ ಮಾತ್ರ ಮೈದುಂಬಿ ಬಂದು ದಂಡೆಯ ಹೊಲಗಳವರನ್ನು ನಿದ್ದೆಗೆಡಿಸಿ ಮಲಪ್ರಭೆಯ ಪಾಲಾಗುತ್ತದೆ. ಹಳ್ಳದ ಮಾತು ಬಿಡಿ, ಎರಡು ತಾಸು ಜೋರು ಮಳೆ ಹೊಡೆದರೆ ಸಾಕು, ಹೊಲದಲ್ಲಿದ್ದವನು ಹೊಲದಲ್ಲೇ, ಊರಲ್ಲಿದ್ದವನು ಊರಲ್ಲೇ. ಚಪ್ಪಲಿ ಕೈಗೆ ಬರುತ್ತದೆ. ನಾಲ್ಕು ಹೆಜ್ಜೆ ಇಡುವುದರೊಳಗೆ ಅಂಗಾಲಿಗೆ ಮಣ್ಣು ಮೆತ್ತಿ ಮೆತ್ತಿ ಮನುಷ್ಯ ಗೇಣುದ್ದ ಎತ್ತರವಾಗುತ್ತಾನೆ. ಟ್ರ್ಯಾಕ್ಟರಿನ ಗಾಲಿ ನಿಂತಲ್ಲೇ ಗಿರಗಿರ ತಿರುಗಿ ತನ್ನ ಕುಣಿಯನ್ನು ತಾನೇ ತೋಡಿಕೊಳ್ಳುತ್ತದೆ.

ಎರಡನೆಯ ದ್ವೀಪ ಇದಕ್ಕಿಂತ ಸೌಮ್ಯ. ಹಸ್ತ, ಚಿತ್ತಿ ಮಳೆಯ ಹಸಿಗೆ ಬಿತ್ತಿದ ಬಿಳಿಜೋಳ ಎಳ್ಳಮವಾಸ್ಯೆಯ ಹೊತ್ತಿಗೆ ಆಳೆತ್ತರ ದಾಟುತ್ತದೆ. ಮಾಲದಂಡಿ ತಳಿ, ಸರ್ಕಾರಿ ಹೆಸರಿನಲ್ಲಿ ಎಂ 35-1. ಅದರ ನಡುವೆ ಗುಡಿಸಲು. ಗುಡಿಸಲೊಳಗೆ ಕೂತರೆ ಊರಿಲ್ಲ, ಗುಡಿಯ ಕಳಸವಿಲ್ಲ, ಮೊಬೈಲ್ ಟವರೂ ಇಲ್ಲ. ಸುತ್ತ ದಂಟು, ಮೇಲೆ ಆಕಾಶ. ನನ್ನ ಗೆಳೆಯರು ರಜೆ ಬಂದರೆ ಗೋವಾಕ್ಕೆ ಹೋಗುತ್ತಾರೆ, ದಾಂಡೇಲಿಗೆ ಹೋಗುತ್ತಾರೆ. ನಾನು ಕಾಕಾನ ಹೊಲಕ್ಕೆ ವಸ್ತಿ ಹೋಗುತ್ತೇನೆ. ಹೇಳಿಕೊಳ್ಳುವಂಥ ಹವ್ಯಾಸ ನನಗೆ ಇದೊಂದೇ.

ಗುಡಿಸಲೆಂದರೆ ಮಣ್ಣಿನ ಗೋಡೆ, ಮಾಡು, ಬಾಗಿಲು ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ. ಕವಲಿರುವ ಎರಡು ಜಾಲಿ ಗೂಟ, ಅವುಗಳ ಮೇಲೆ ಅಡ್ಡಲಾಗಿ ಒಂದು ಬಿದಿರು ಗಳ, ಎರಡೂ ಮಗ್ಗುಲಿಗೆ ಇಳಿಬಿಟ್ಟ ತೊಗರಿಕಟ್ಟಿಗೆ, ಅದರ ಮೇಲೆ ಹೋದ ವರ್ಷದ ಜೋಳದ ಕಣಕಿ. ಕಟ್ಟುವುದಕ್ಕೆ ಪುಂಡಿನಾರಿನ ಹಗ್ಗ. ಮೊಳೆ ಒಂದೂ ಇಲ್ಲ. ಚಳಿಗಾಲದಲ್ಲಿ ಮೂಡಗಾಳಿ ಬೀಸುವುದರಿಂದ ಗುಡಿಸಲು ಮೂಡಣಕ್ಕೆ ಬೆನ್ನು ಕೊಟ್ಟು ಪಡುವಣಕ್ಕೆ ಬಾಯಿ ತೆರೆದಿರುತ್ತದೆ. ಒಳಗೆ ಹೋಗಬೇಕಾದರೆ ಎಂಥ ಸಾಹುಕಾರನೂ ಬಗ್ಗಲೇಬೇಕು.

ಕಷ್ಟವಿರುವುದು ನೆಲದಲ್ಲಿ. ಎರಿ ಮಣ್ಣಿನಲ್ಲಿ ಜೇಡಿಯೇ ಹೆಚ್ಚು. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಜನವರಿಯ ಹೊತ್ತಿಗೆ ಸಾಲುಸಾಲಾಗಿ ಬಿರುಕು ಬಿಟ್ಟಿರುತ್ತದೆ, ಕೆಲವಕ್ಕೆ ಕೋಲು ಇಳಿಬಿಟ್ಟರೆ ತಳ ಸಿಗುವುದಿಲ್ಲ. ಚೇಳು, ಹಾವು ಎಲ್ಲದಕ್ಕೂ ಅಲ್ಲಿ ಮನೆ. ಆದ್ದರಿಂದ ಗುಡಿಸಲೊಳಗಿನ ಬಿರುಕುಗಳಿಗೆ ಪುಡಿಮಣ್ಣು ತುಂಬಿ, ಬಡಿದು, ಸಗಣಿ ಸಾರಿಸುತ್ತಾರೆ. ವಾರದೊಳಗೆ ಹೊಸ ಬಿರುಕು ಗೆರೆ ಮೂಡುತ್ತದೆ, ಮತ್ತೆ ಬಡಿಯಬೇಕು. ಅದೇ ಮಣ್ಣಿನ ಗುಣದಿಂದಲೇ ಈ ಬೆಳೆಯೂ ಇದೆ ಎನ್ನುವುದನ್ನೂ ಹೇಳಬೇಕು. ಬಿತ್ತಿದ ಮೇಲೆ ಒಂದು ಹನಿ ಬೀಳದಿದ್ದರೂ ಒಡಲಲ್ಲಿ ಹಿಡಿದಿಟ್ಟ ಹಸಿಯಲ್ಲೇ ಈ ನೆಲ ಜೋಳ, ಕಡಲಿ, ಕುಸುಬಿಯನ್ನು ಸಾಕಿ ದೊಡ್ಡದು ಮಾಡುತ್ತದೆ.

ಗುಡಿಸಲಿಗೆ ತಾಗಿದಂತೆ ಮಂಚಿಗೆ. ನಾಲ್ಕು ಉದ್ದ ಗೂಟಗಳ ಮೇಲೆ ಜೋಳದ ತೆನೆಗಿಂತ ಎತ್ತರಕ್ಕೆ ಕಟ್ಟಿದ ಅಟ್ಟ. ನಾಲ್ಕು ಕಡೆಗೂ ಬಯಲು. ಹತ್ತಿ ಕೂತರೆ ಇಡೀ ಹೊಲ ಅಂಗೈಯಲ್ಲಿ. ಮಲಗುವುದೂ ಅಲ್ಲೇ, ಹಾಸುವುದಕ್ಕೆ ಕಂಬಳಿ, ಹೊದೆಯುವುದಕ್ಕೆ ಕೌದಿ. ಮೊದಲ ಸಲ ಕಾಕಾ ನನ್ನ ದಿಂಬು ನೋಡಿ ನಕ್ಕಿದ್ದ.

‘ಮಂಚಿಗಿ ಕಟ್ಟೂದು ಮಲಗಾಕಲ್ಲೋ ತಮ್ಮಾ, ಎಚ್ಚರ ಇರಾಕ.’

ಈ ಮಾತಿನ ರುಚಿ ನನಗೆ ಹತ್ತಿದ್ದು ನಿಧಾನಕ್ಕೆ. ಅದಕ್ಕೆ ಮೊದಲು ಬುತ್ತಿಯ ರುಚಿ ಹತ್ತಿತು. ಕಾಕಿ ಬಿಳಿ ಅರಿವೆಯಲ್ಲಿ ಕಟ್ಟಿಕೊಡುವುದು ಕಡಕ್ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ಕೊಯ್ಯುವುದಿಲ್ಲ, ಮೊಣಕಾಲ ಮೇಲಿಟ್ಟು ಗುದ್ದುವುದು. ಪಲ್ಯ ಕಡಿಮೆಯಾದರೆ ಸಾಲಿನ ನಡುವೆ ಬಗ್ಗಿ ಹಕ್ಕರಕಿ ಕಿತ್ತುಕೊಳ್ಳುವುದು. ಮಣ್ಣು ಕೊಡವಿ ಹಸಿಯಾಗೇ ತಿಂದರೆ ಅದರ ಸಣ್ಣ ಕಹಿ ಎಣಗಾಯಿಯ ಎಣ್ಣೆಯನ್ನು ಹದಕ್ಕೆ ತರುತ್ತದೆ. ಎರಡು ಹೋಟೆಲುಗಳಲ್ಲಿ ಇದೇ ಊಟವನ್ನು ‘ಜವಾರಿ ಥಾಲಿ’ ಎಂಬ ಹೆಸರಲ್ಲಿ ಉಂಡಿದ್ದೇನೆ. ರೊಟ್ಟಿ ಚೆನ್ನಾಗಿತ್ತು, ಹಸಿವು ಇರಲಿಲ್ಲ.

ನೀರು ಮಾತ್ರ ಊರಿಂದಲೇ ಹೊರಬೇಕು. ಕಪ್ಪು ನೆಲದಲ್ಲಿ ಬಾವಿ ತೋಡಿದರೆ ಬಹಳ ಕಡೆ ಬರುವುದು ಸವಳು ನೀರು. ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಹಾಡು ಕಲಿಯಲು ಬಂದ ಹುಡುಗ ಭೀಮಸೇನ ಜೋಶಿ ತಂಬೂರಿಗಿಂತ ಮೊದಲು ನೀರಿನ ಕೊಡ ಹೊತ್ತರು ಎಂದು ಈ ಸೀಮೆಯವರು ಇಂದಿಗೂ ಹೇಳುತ್ತಾರೆ. 1930ರ ದಶಕದ ಮಾತು ಅದು. ಹಾಡಿನ ಭಾಗ್ಯವಿಲ್ಲದ ನನ್ನಂಥವರು ಕೊಡವನ್ನಷ್ಟೇ ಹೊರುತ್ತೇವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಅಲ್ಲಲ್ಲಿ ಹೊಂಡಗಳಾಗಿವೆ; ಎರಿ ಮಣ್ಣು ನೀರು ಇಂಗಗೊಡುವುದಿಲ್ಲವಾದ್ದರಿಂದ ತಳಕ್ಕೆ ಪ್ಲಾಸ್ಟಿಕ್ ಹಾಸುವ ಗೋಜೂ ಇಲ್ಲ. ಕೈಕಾಲು ತೊಳೆಯಲು, ಎತ್ತಿಗೆ ಕುಡಿಸಲು ಆಯಿತು. ಕುಡಿಯುವ ಹರವಿಯ ನೀರನ್ನು ಮಾತ್ರ ಕಾಕಾ ಕಣ್ಣಲ್ಲೇ ಅಳೆಯುತ್ತಾನೆ. ಮುಖ ತೊಳೆಯಲು ಅದರಲ್ಲಿ ತಂಬಿಗೆ ಅದ್ದಿದರೆ ಅವನ ಕೆಮ್ಮು ಕೇಳಿಸುತ್ತದೆ.

ಇನ್ನು ಎಚ್ಚರದ ಕೆಲಸ. ಹಗಲು ಹಕ್ಕಿ, ರಾತ್ರಿ ಚಿಗರಿ, ಹಂದಿ. ತೆನೆ ಹಾಲು ತುಂಬುವಾಗ ಗುಬ್ಬಿಗಳು ಕಾಳನ್ನು ಹಿಸುಕಿ ಹಾಲು ಹೀರುತ್ತವೆ, ಗಟ್ಟಿಯಾದ ಮೇಲೆ ಗಿಳಿಗಳು ಬರುತ್ತವೆ. ಅವಕ್ಕೆ ಕವಣಿ. ಎರಿ ಹೊಲದಲ್ಲಿ ಹುಡುಕಿದರೂ ಕಲ್ಲು ಸಿಗುವುದಿಲ್ಲ, ಹಾಗಾಗಿ ಕವಣಿಗೆ ಒಣ ಹೆಂಟಿಯೇ ಗುಂಡು. ಕಾಕಾ ಹಗ್ಗದ ಕುಣಿಕೆಯನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹೆಬ್ಬೆರಳಿಗೆ ಒತ್ತಿ ಹಿಡಿದು, ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಬಿಡುತ್ತಾನೆ. ಹಗ್ಗ ‘ಚಟ್’ ಎನ್ನುತ್ತದೆ, ಹೆಂಟಿ ಗಾಳಿಯಲ್ಲೇ ಒಡೆದು ಪುಡಿಪುಡಿಯಾಗಿ ಜೋಳದ ಮೇಲೆ ಉದುರುತ್ತದೆ. ಗಿಳಿಗೂ ಪೆಟ್ಟಿಲ್ಲ, ತೆನೆಗೂ ಪೆಟ್ಟಿಲ್ಲ. ನನ್ನ ಕೈಯಿಂದ ಹಾರಿದ ಹೆಂಟಿ ಎತ್ತ ಹೋಗುತ್ತದೆಂದು ಗಿಳಿಗಳೂ ಹೇಳಲಾರವು. ಬಹುಶಃ ಅದಕ್ಕೇ ಹೆಚ್ಚು ಹೆದರುತ್ತವೆ.

ರಾತ್ರಿಗೆ ಡಬ್ಬಿ. ಹೊಲದ ಆಚೆ ಮೂಲೆಯಲ್ಲಿ ಗೂಟಕ್ಕೆ ಒಂದು ಹಳೆಯ ಎಣ್ಣೆ ಡಬ್ಬಿ ತೂಗುಹಾಕಿ, ಒಳಗೆ ಕಬ್ಬಿಣದ ತುಂಡೊಂದನ್ನು ಕಟ್ಟಿ, ಹಗ್ಗವನ್ನು ಸಾಲಿನುದ್ದಕ್ಕೂ ತಂದು ಮಂಚಿಗೆಯ ಕಾಲಿಗೆ ಬಿಗಿದಿರುತ್ತಾನೆ. ನಿದ್ದೆಗಣ್ಣಲ್ಲೇ ಜಗ್ಗಿದರೆ ದೂರದಲ್ಲಿ ಡಬ್ಬಿ ಗಡಗಡಿಸುತ್ತದೆ. ಚಿಗರಿಗಳು ನಮ್ಮ ಮಗ್ಗುಲ ಕಡಲಿಹೊಲವನ್ನು ಬಲ್ಲವು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಅವಕ್ಕಿದೆ, ಕಾಕಾನಿಗಿರುವುದು ಬಾಯಿ ಮಾತ್ರ. ಅದನ್ನು ಧಾರಾಳವಾಗಿ ಬಳಸುತ್ತಾನೆ. ‘ಏ, ಹೊಳ್ಳಿ ಬಂದ್ರ್ಯಾ? ನಿಮ್ಮಪ್ಪ ಬಿತ್ಯಾನೇನ ಇಲ್ಲೆ?’ ಎಂದು ಕತ್ತಲಿಗೆ ಕೇಳುತ್ತಾನೆ. ಬ್ಯಾಟರಿ ಬೆಳಕು ಬಿಟ್ಟರೆ ಹತ್ತೆಂಟು ಜೋಡಿ ಕಣ್ಣು ಹಸಿರಾಗಿ ಹೊಳೆದು, ಒಂದು ಕ್ಷಣ ನಿಂತು, ಒಂದೊಂದಾಗಿ ಆರಿಹೋಗುತ್ತವೆ. ನಿಂತ ನಿಲುವಿನಲ್ಲೇ ಅವು ಚಿಮ್ಮುವ ಸದ್ದು ಬಿರುಕು ನೆಲದಲ್ಲಿ ಟೊಳ್ಳಾಗಿ ಕೇಳುತ್ತದೆ.

ಒಂಟಿಯಾಗಿರಲು ದೂರ ದೂರ ಹೋದವರ ಕಥೆಗಳನ್ನು ನಾನು ಮಂಚಿಗೆಯ ಮೇಲೆ ನೆನಪಿಸಿಕೊಳ್ಳುತ್ತೇನೆ. ಜಾರ್ಜ್ ಆರ್ವೆಲ್ 1946ರಲ್ಲಿ ಸ್ಕಾಟ್ಲೆಂಡಿನ ಜೂರಾ ದ್ವೀಪದ ಬಾರ್ನ್‌ಹಿಲ್ ಎಂಬ ಒಂಟಿ ಮನೆಗೆ ಹೋದ. ‘ನೈನ್ಟೀನ್ ಎಯ್ಟಿ-ಫೋರ್’ ಅಲ್ಲಿ ಬರೆದದ್ದು. ವಿದ್ಯುತ್ತಿಲ್ಲ, ಟೆಲಿಫೋನಿಲ್ಲ, ಸರಿಯಾದ ರಸ್ತೆಯೂ ಮನೆಯ ತನಕ ಇಲ್ಲ. ಆದರೆ ಆತ ಅಲ್ಲಿ ತರಕಾರಿ ಬೆಳೆಯುತ್ತಿದ್ದ, ಬುಟ್ಟಿ ಇಳಿಬಿಟ್ಟು ಲಾಬ್‌ಸ್ಟರ್ ಹಿಡಿಯುತ್ತಿದ್ದ. ಫಿನ್ಲೆಂಡಿನ ಲೇಖಕಿ ತೂವೆ ಯಾನ್ಸನ್ ಕ್ಲೂವ್‌ಹಾರು ಎಂಬ ಬೋಳು ಬಂಡೆಯ ದ್ವೀಪದಲ್ಲಿ 1960ರ ದಶಕದಲ್ಲಿ ಒಂದೇ ಕೋಣೆಯ ಮನೆ ಕಟ್ಟಿಸಿ, ಗೆಳತಿ ತೂಲಿಕ್ಕಿ ಪಿಯೆಟಿಲಾ ಜೊತೆ ಬೇಸಗೆಗಳನ್ನು ಕಳೆದಳು. ಆ ಕೋಣೆಯ ನಾಲ್ಕೂ ಗೋಡೆಗೆ ಕಿಟಕಿ. ಸಮುದ್ರ ಯಾವ ಕಡೆಯಿಂದ ಏಳುತ್ತದೆ ಎಂದು ನೋಡುತ್ತಿರಬೇಕಲ್ಲ! ದೋಣಿ ಕಾಯಬೇಕು, ಬಲೆ ಕಾಯಬೇಕು. ಇದನ್ನು ಓದಿದಾಗ ನನಗೆ ಆಕೆ ಕುಬಿಹಾಳದವಳೇ ಅನ್ನಿಸಿದ್ದುಂಟು. ಹೆದ್ದಾರಿಯ ಮಗ್ಗುಲಿಗೆ ಈಗ ಕಾಣಿಸುವ ‘ಹಳ್ಳಿಮನೆ ರೆಸಾರ್ಟು’ಗಳಲ್ಲಿ ಹುಲ್ಲಿನ ಮಾಡಿದೆ, ಲಾಟೀನಿದೆ, ಒಳಗೆ ಎಸಿ ಕೂಡ ಇದೆ. ಕಾಯುವುದಕ್ಕೆ ಏನೂ ಇಲ್ಲ. ಹಾಗಾಗಿ ಬಂದವರು ಸಂಜೆಯೊಳಗೆ ಮೊಬೈಲ್ ಹಿಡಿದು ನೆಟ್‌ವರ್ಕ್ ಕಾಯುತ್ತಾರೆ. ಕಾಯುವ ಕೆಲಸವೊಂದಿದ್ದರೆ ಕತ್ತಲೆ ತುಂಬಿಕೊಳ್ಳುತ್ತದೆ: ಮೂಡಗಾಳಿಗೆ ಎಲೆ ಎಲೆಗೆ ತೀಡುವ ಸದ್ದು ಬೇರೆ, ಮೈ ತಾಗಿ ದಂಟು ಸರಿಯುವ ಸದ್ದು ಬೇರೆ ಎಂದು ಕಿವಿಗೆ ಗೊತ್ತಾಗತೊಡಗುತ್ತದೆ. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೋಗುವ ರೈಲು ಕುಂದಗೋಳ ಬಿಟ್ಟಿತೆಂದು ಗಡಿಯಾರ ನೋಡದೆ ಹೇಳಬಹುದು.

ಉತ್ತರದ ದ್ವೀಪಗಳಿಂದ ಕೆಲವರು ತಾವಾಗಿಯೇ ಈ ಕಡೆ ಬರುವುದುಂಟು. ಮೂಡಣಕ್ಕೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಸಾವಿರಾರು ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಮಂಗೋಲಿಯ, ಟಿಬೆಟ್ಟಿನ ಎತ್ತರದ ಸರೋವರಗಳ ನಡುಗಡ್ಡೆಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬಂದವು. 2024ರಲ್ಲಿ ಆ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿತು. ಹಗಲು ನೀರಲ್ಲಿ ತೇಲಾಡಿಕೊಂಡು, ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಒಂದೆರಡು ರಾತ್ರಿ ನಮ್ಮ ನೆತ್ತಿಯ ಮೇಲೂ ‘ಆಂಗ್, ಆಂಗ್’ ಎಂಬ ಮೂಗಿನ ದನಿ ಹಾದುಹೋದದ್ದನ್ನು ಕೇಳಿದ್ದೇನೆ. ಕಾಕಾ ಕೌದಿಯೊಳಗಿಂದಲೇ ಹೇಳಿದ: ‘ಇವರಿಗೂ ನಮ್ಮ ಕಡಲೀನ ಬೇಕೇನ?’

ಕಡಲಿಯ ಮಾತು ಬಂತು. ಬೆಳ್ಳಿಚುಕ್ಕಿ ಮೂಡುವ ಹೊತ್ತಿಗೆ ಕಾಕಿ ಬರುತ್ತಾಳೆ, ಕೈಯಲ್ಲಿ ಒಗೆದ ಬಿಳಿ ಧೋತರದ ತುಂಡು. ಕಡಲಿ ಗಿಡದ ಎಲೆ, ಕಾಯಿಯ ಮೇಲೆಲ್ಲ ಕಾಣದಷ್ಟು ಸಣ್ಣ ರೋಮ, ಅವುಗಳ ತುದಿಗೆ ಹುಳಿ. ಇಬ್ಬನಿ ಬಿದ್ದಾಗ ಹುಳಿ ಅದರಲ್ಲಿ ಕರಗಿರುತ್ತದೆ. ಬಟ್ಟೆಯನ್ನು ಗಿಡಗಳ ಮೇಲೆ ಹಾಸಿ, ಮೆಲ್ಲಗೆ ಎಳೆದುಕೊಂಡು ಹೋಗಿ, ನೆನೆದ ಮೇಲೆ ಹಿತ್ತಾಳೆಯಲ್ಲ, ಗಾಜಿನ ಬಾಟಲಿಗೆ ಹಿಂಡುವುದು. ಸಾಲಿನ ಕೊನೆ ಮುಟ್ಟಿದರೂ ಬಾಟಲಿಯಲ್ಲಿ ನಾಲ್ಕು ಬೆರಳಷ್ಟೇ. ಬಿಸಿಲೇರಿದರೆ ಅದೂ ಇಲ್ಲ. ಹೊಟ್ಟೆನೋವಿಗೆ, ಅಜೀರ್ಣಕ್ಕೆ ವರ್ಷವಿಡೀ ಮನೆಯಲ್ಲಿ ಇದೇ. ಆ ನಸುಕಿನಲ್ಲಿ ಕಡಲಿಹೊಲ ದಾಟಿದವನ ಕಾಲಿನ ಗೀರುಗಳಿಗೆ ಆ ಹುಳಿ ತಾಗಿದರೆ ಹೇಗಿರುತ್ತದೆ ಎನ್ನುವುದನ್ನು ಮಾತ್ರ ಬರೆಯಲಾರೆ.

ಸೂರ್ಯ ಮೇಲೆ ಬಂದ ಮೇಲೆ ಸೀತನಿ. ಎಳೆ ತೆನೆಗಳನ್ನು ಕಾಕಾನೇ ಆರಿಸುತ್ತಾನೆ. ಉಗುರಲ್ಲಿ ಒಂದು ಕಾಳು ಒತ್ತಿ ನೋಡುತ್ತಾನೆ. ಹಾಲು ಚಿಮ್ಮಿದರೆ ಬೇಗ, ಪುಡಿಯಾದರೆ ತಡ, ಮೆತ್ತಗೆ ಬೆಣ್ಣೆಯ ಹಾಗೆ ಹಿಸುಕಿದರೆ ಹದ. ಕುಣಿಯಲ್ಲಿ ಕುಳ್ಳಿನ ಕೆಂಡ ಮಾಡಿ, ತೆನೆಯನ್ನು ತೊಟ್ಟು ಹಿಡಿದು ತಿರುವುತ್ತಾ ಸುಟ್ಟು, ಬಿಸಿಬಿಸಿ ಇರುವಾಗಲೇ ಗೋಣಿಚೀಲದೊಳಗಿಟ್ಟು ತಿಕ್ಕುತ್ತಾನೆ. ಹಸಿರು ಕಾಳು ಉದುರುತ್ತದೆ, ಹೊಟ್ಟು ಊದಿದರೆ ಹಾರುತ್ತದೆ. ಒಂದು ಹಿಡಿ ಸೀತನಿ, ಒಂದು ಚೂರು ಬೆಲ್ಲ, ಚಿಟಿಕೆ ಶೇಂಗಾ ಚಟ್ನಿ. ಆರಿದ ಮೇಲೆ ತಿಂದರೆ ಅದು ಬರೇ ಜೋಳ. ಅದಕ್ಕೇ ಪೇಟೆಗೆ ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗುವವರನ್ನು ನೋಡಿದರೆ ಕಾಕಾನಿಗೆ ಆಗುವುದಿಲ್ಲ. ‘ಇಲ್ಲೇ ಕುಂತ್ ತಿನ್ರಿ, ಇಲ್ಲಾಂದ್ರ ಬಿಡ್ರಿ’ ಎಂದು ಮುಖಕ್ಕೆ ಹೇಳಿಬಿಡುತ್ತಾನೆ.

ಈಚೆಗೆ ಸುತ್ತಲಿನ ಹೊಲಗಳಲ್ಲಿ ಮಂಚಿಗೆ ಕಮ್ಮಿಯಾಗಿವೆ. ಕೆಲವರು ಸೋಲಾರ್ ಬೇಲಿ ಹಾಕಿದ್ದಾರೆ, ಕೆಲವರು ನಾಯಿ ಬೊಗಳುವ ಸದ್ದು ತುಂಬಿದ ಸ್ಪೀಕರ್ ಕಟ್ಟಿದ್ದಾರೆ. ಅದು ರಾತ್ರಿಯೆಲ್ಲ ಒಂದೇ ರಾಗದಲ್ಲಿ ಬೊಗಳುತ್ತದೆ. ಚಿಗರಿಗಳಿಗಿಂತ ಊರ ನಾಯಿಗಳೇ ಅದಕ್ಕೆ ಹೆಚ್ಚು ತಲೆಕೆಡಿಸಿಕೊಂಡಿವೆ. ಕಣಕಿಯ ಬದಲು ಎಷ್ಟೋ ಗುಡಿಸಲಿಗೆ ನೀಲಿ ತಾಡಪತ್ರಿ ಬಂದಿದೆ. ಮಳೆಗೆ ಅದು ಗಟ್ಟಿ, ಒಪ್ಪುತ್ತೇನೆ. ಆದರೆ ಮಧ್ಯಾಹ್ನ ಅದರ ಕೆಳಗೆ ಕೂರಲಾಗುವುದಿಲ್ಲ, ರಾತ್ರಿ ಅದರ ಪಟಪಟ ಸದ್ದಿನಲ್ಲಿ ಬೇರೇನೂ ಕೇಳುವುದಿಲ್ಲ. ಕಾಯಲು ಬಂದವನ ಕಿವಿಯನ್ನೇ ಮುಚ್ಚುವ ಸೂರು ಯಾವ ಕೆಲಸದ್ದು? ಆದರೆ ವಸ್ತಿಗೆ ಆಳು ಸಿಗುವುದಿಲ್ಲ, ಹುಡುಗರು ಹುಬ್ಬಳ್ಳಿಗೆ ದುಡಿಯಲು ಹೋಗಿ ವಸ್ತಿ ಬಸ್ಸಿಗೆ ಮರಳುತ್ತಾರೆ ಎನ್ನುವುದೂ ನಿಜ. ರಾತ್ರಿಯೆಲ್ಲ ಎಚ್ಚರಿದ್ದು ಬೆಳಗ್ಗೆ ಫ್ಯಾಕ್ಟರಿಗೆ ಹೋಗು ಎಂದು ಯಾರಿಗೆ ಹೇಳುವುದು? ಹವ್ಯಾಸಕ್ಕೆ ಬರುವ ನಾನು ಹೇಳುವಂತಿಲ್ಲ.

ಜೋಳ ಕೀಳುವ ದಿನ ದ್ವೀಪ ಬಯಲಾಗುತ್ತದೆ. ಆಳುಗಳು ಸಾಲು ಹಿಡಿದು ದಂಟನ್ನು ಬೇರುಸಹಿತ ಕಿತ್ತು ಮಲಗಿಸುತ್ತಾ ಬರುತ್ತಾರೆ, ಮಧ್ಯಾಹ್ನದೊಳಗೆ ಊರು ಮತ್ತೆ ಕಾಣುತ್ತದೆ, ಟವರೂ. ತೆನೆ ಮುರಿದು ಕಣಕ್ಕೆ ಹೋದ ಮೇಲೆ ಕಾಕಾ ಮಂಚಿಗೆಯ ಹಗ್ಗ ಬಿಚ್ಚಿ ಸುತ್ತಿಕೊಳ್ಳುತ್ತಾನೆ. ಗೂಟ, ಗಳ ಬಂಡಿ ಹತ್ತುತ್ತವೆ, ತೊಗರಿಕಟ್ಟಿಗೆ ಕಾಕಿಯ ಒಲೆಗೆ. ಉಳಿಯುವುದು ಮಾಡಿನ ಹಳೆಯ ಕಣಕಿ. ಮೇಲಿನ ಕಪ್ಪಾದ ಪದರ ಕಿತ್ತು ತಿಪ್ಪಿಗೆ ಒಗೆದು, ಒಳಗಿನ ಗಟ್ಟಿ ಕಣಕಿಯನ್ನು ಎತ್ತುಗಳ ಮುಂದೆ ಹಾಕುತ್ತಾನೆ. ಹೊಸ ಕಣಕಿಯ ಬಣವಿ ಪಕ್ಕದಲ್ಲೇ ಇದ್ದರೂ ಎಡದ ಎತ್ತು ಮೂಸಿ ನೋಡಿ ನಾನು ಮಲಗೆದ್ದ ಮನೆಯನ್ನೇ ಮೊದಲು ಮೇಯತೊಡಗುತ್ತದೆ.

‘ಹೊಗಿ ವಾಸನಿ ಹತ್ತೇತಿ ನೋಡು, ಅದಕ್ಕ’ ಎನ್ನುತ್ತಾನೆ ಕಾಕಾ, ‘ಒಗ್ಗರಣಿ ಕೊಟ್ಟಂಗ ಅದಕ್ಕ.’