ಎತ್ತಿನ ಜ್ವರ, ಎಮ್ಮೆಯ ಬರೆ

ಬಾಗಿಲು ತಟ್ಟಿದವನಿಗೆ ‘ಈಗಾಗದು, ಹೋಗಯ್ಯ’ ಎಂಬ ಉತ್ತರ ಬಂದರೆ ಸಿಟ್ಟು ಬಂದೀತು. ಉತ್ತರವೇ ಬಾರದಿದ್ದರೆ ದಿಗಿಲಾಗುತ್ತದೆ. ಗಣಕಯಂತ್ರದ ಲೋಕದಲ್ಲಿ ಈ ಎರಡನೆಯ ಸ್ಥಿತಿಗೆ ‘ಟೈಮ್‌ಔಟ್’ ಎಂದು ಹೆಸರು.

ಸಂಡೂರು ತಾಲ್ಲೂಕಿನ ಯಶವಂತನಗರದಂಥ ಊರಿನಲ್ಲಿ ಅದಕ್ಕೆ ಬೇರೆಯೇ ಮಾತುಂಟು: ‘ಸರ್ವರ್ ಇಲ್ಲವ್ವಾ, ನಾಳಿ ಬಾ.’ ೨೦೨೩ರ ಜೂನ್‌ನಲ್ಲಿ ಗೃಹಜ್ಯೋತಿಯ ನೋಂದಣಿ ಮೊದಲಾದಾಗ ನಾಡಿನ ಉದ್ದಗಲಕ್ಕೂ ಇಂಥದೇ ಮಾತು ಕೇಳಿಬಂದಿತು. ಜಾಲತಾಣ ಬಳಲುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು, ಕ್ಯಾಷ್ ಸರ್ವರಿನ ಮೌನ.

ಜಾಣ ಗೃಹಿಣಿ ಒಗ್ಗರಣೆಗೊಮ್ಮೆ ಉಗ್ರಾಣಕ್ಕೆ ಓಡುವುದಿಲ್ಲ. ಸಾಸಿವೆ ಜೀರಿಗೆಗಳನ್ನು ಒಲೆಯ ಪಕ್ಕದ ಡಬ್ಬಿಯಲ್ಲಿಟ್ಟುಕೊಳ್ಳುತ್ತಾಳೆ. ಜಾಲತಾಣಕ್ಕೆ ದತ್ತಾಂಶ ಭಂಡಾರವೇ ಉಗ್ರಾಣ. ಕ್ಯಾಷ್ ಸರ್ವರ್ ಒಲೆಯ ಪಕ್ಕದ ಡಬ್ಬಿ. ಸಿಸಿಲಿಯ ಸಾಲ್ವತೋರೆ ಸ್ಯಾನ್‌ಫಿಲಿಪ್ಪೊ ೨೦೦೯ರಲ್ಲಿ ಹೊರತಂದ ‘ರೆಡಿಸ್’ ಇಂಥ ಡಬ್ಬಿಗಳಲ್ಲಿ ಪ್ರಸಿದ್ಧವಾದುದು. ಮುಚ್ಚಳ ತೆರೆಯದಿದ್ದರೆ ಅದನ್ನೇ ನೆಚ್ಚಿದ ಅಡುಗೆ ನಿಲ್ಲುತ್ತದೆ.

ಆಗ ಅವಸರದ ತಂತ್ರಜ್ಞನು ಸರ್ವರನ್ನು ಆರಿಸಿ ಹಚ್ಚುತ್ತಾನೆ. ಇಲ್ಲವೆ ಕಾಯುವ ಗಡುವನ್ನು ಐದು ಸೆಕೆಂಡಿನಿಂದ ಮೂವತ್ತಕ್ಕೆ ಏರಿಸುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಗಡುವು ಹೆಚ್ಚಿದಷ್ಟೂ ಕಾಯುವವರ ಸಾಲು ಬೆಳೆದು ತಾಣವೇ ಉಸಿರುಗಟ್ಟುತ್ತದೆ.

ಬಲ್ಲವನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೋರಿಕೆ ನಿಂತದ್ದೆಲ್ಲಿ? ‘ನಿರಾಕರಿಸಲಾಯಿತು’ ಎಂಬ ಉತ್ತರವಾದರೂ ಬಂದರೆ, ದಾರಿಯಿದೆ, ಬಹುಶಃ ರೆಡಿಸ್ ಎದ್ದಿಲ್ಲ. ಹಗಲಿರುಳೂ ಮೌನವಾದರೆ ವಿಳಾಸ ತಪ್ಪಿರಬಹುದು, ಅಥವಾ ನಡುವಿನ ಕಾವಲುಗೋಡೆ ರೆಡಿಸಿನ ೬೩೭೯ನೆಯ ದ್ವಾರವನ್ನು ಮುಚ್ಚಿರಬಹುದು. ಜನಸಂದಣಿಯ ವೇಳೆಯಲ್ಲಿ ಮಾತ್ರ ಮೌನವಾದರೆ, ತಾಣವು ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆದು ಮುಚ್ಚದೆ ಬಿಡುತ್ತಿದೆಯೇ ಎಂದು ಎಣಿಸಬೇಕು. ಕೆಲವೇ ಸಂಪರ್ಕಗಳನ್ನು ಸರದಿಯ ಮೇಲೆ ಬಳಸುವುದು ಅದಕ್ಕೆ ಮದ್ದು.

ಉಳಿದ ಒಂದು ಗುಟ್ಟು ಯಶವಂತನಗರದವರಿಗೆ ಬೇಗ ತಿಳಿಯುವಂಥದು. ಹೊಸಪೇಟೆ–ಸ್ವಾಮಿಹಳ್ಳಿ ರೈಲುದಾರಿಯಲ್ಲಿ ಆ ಊರಿಗೊಂದು ನಿಲ್ದಾಣವುಂಟು. ಅದಿರಿನ ಉದ್ದನೆಯ ಗಾಡಿ ಗೇಟು ದಾಟುವವರೆಗೆ ಬೈಸಿಕಲ್ಲಿನವನೂ ಕಾಯಬೇಕು. ರೆಡಿಸ್ ಕೂಡ ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನಡೆಸುತ್ತದೆ. ಯಾರೋ ‘ಕೀಸ್’ ಎಂಬ ಆಜ್ಞೆ ಕೊಟ್ಟು ಲಕ್ಷಾಂತರ ಹೆಸರುಗಳನ್ನು ಒಮ್ಮೆಗೇ ಕೇಳಿದರೆ, ಹಿಂದಿನ ಸಣ್ಣಪುಟ್ಟ ಕೋರಿಕೆಗಳೆಲ್ಲ ಗೇಟಿನಲ್ಲೇ ನಿಂತವು! ‘ಸ್ಲೋಲಾಗ್’ ಎಂಬ ದಾಖಲೆ ಆ ಗಾಡಿಯ ಗುರುತು ಹೇಳುತ್ತದೆ. ‘ಸ್ಕ್ಯಾನ್’ ಎಂಬ ಆಜ್ಞೆ ಅದೇ ಪಟ್ಟಿಯನ್ನು ಕಂತುಕಂತಾಗಿ ಕೊಡುತ್ತದೆ.

ಬರೆ ಹಾಕುವ ಮುನ್ನ ತಂತ್ರಜ್ಞನು ಅರ್ಧ ಗಂಟೆ ದಾಖಲೆ ಓದಿದರೆ ಅವನ ತಾಣಕ್ಕೆ ಉಳಿಯುವುದು ಕೆಲವು ಸೆಕೆಂಡು. ಕೆಲಸ ಬಿಟ್ಟು ಬಂದು ಸಾಲಿನಲ್ಲಿ ನಿಂತ ತಾಯಿಗೆ ಉಳಿಯುವುದು ಒಂದು ದಿನದ ಕೂಲಿ.